ನಾನು ಕತ್ತರಿಸಿದ ಕರೆ

ಕುವೈತಿನಲ್ಲಿ ಖಾಸಗಿ ಟೀವಿ ಚಾನೆಲ್‌ಗಳು ಒಂದೊಂದಾಗಿ ಶುರುವಾಗುತ್ತಿದ್ದ ಕಾಲ. ಅಂಥದ್ದೊಂದು ಸಣ್ಣ ಚಾನೆಲ್ಲಿನ ಕಂಟ್ರೋಲ್ ರೂಮಿನಲ್ಲಿ ನನಗೆ ಕೆಲಸ ಸಿಕ್ಕಿತು. ಅದಕ್ಕೆ ಮೊದಲು ಸಾಲ್ಮಿಯಾದ ಅಂಗಡಿಯೊಂದರಲ್ಲಿ ಟೀವಿ ರಿಪೇರಿ ಮಾಡುತ್ತಿದ್ದೆ. ಊರಿನ ಮದರಸದಲ್ಲಿ ಕಲಿತ ಅರಬಿ ಅಕ್ಷರ ಕೈಬಿಟ್ಟಿರಲಿಲ್ಲ. ಫಲಕ ಓದುತ್ತಿದ್ದೆ, ಕಾಗದ ಓದುತ್ತಿದ್ದೆ. ಅರ್ಥ ಮಾತ್ರ ಅರ್ಧಂಬರ್ಧ. ಆದರೆ ಓದುವುದನ್ನು ನೋಡಿದವರು ಇವನಿಗೆ ಎಲ್ಲ ಗೊತ್ತು ಅಂದುಕೊಳ್ಳುತ್ತಿದ್ದರು, ನಾನೂ ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ.

ದಿನಾ ಸಂಜೆ ಐದಕ್ಕೆ ಒಂದು ನೇರಪ್ರಸಾರದ ಕಾರ್ಯಕ್ರಮವಿತ್ತು. ಜನ ಫೋನ್ ಮಾಡಿ ತಮ್ಮ ದೂರು ಹೇಳುವುದು, ನಿರೂಪಕಿ ಕೇಳಿಸಿಕೊಂಡು ಸಂಬಂಧಪಟ್ಟವರಿಗೆ ಮುಟ್ಟಿಸುವುದು. ಸ್ಟುಡಿಯೋದಲ್ಲಿ ಆಡಿದ ಮಾತು ಏಳು ಸೆಕೆಂಡು ತಡವಾಗಿ ಮನೆಮನೆಗೆ ತಲುಪುವ ಹಾಗೆ ಒಂದು ಯಂತ್ರ ಇಟ್ಟಿದ್ದರು. ಆ ಏಳು ಸೆಕೆಂಡಿನೊಳಗೆ ಕೆಂಪು ಗುಂಡಿ ಒತ್ತಿದರೆ ಮಾತು ಅಲ್ಲಿಗೇ ನಿಂತು, ಕರೆ ಕಡಿದು, ಸಂಗೀತ ಶುರುವಾಗುತ್ತಿತ್ತು.

ಚುನಾವಣೆ ಹತ್ತಿರ ಬಂದಾಗ ಮ್ಯಾನೇಜರ್ ನನ್ನನ್ನು ಕರೆದು, ಇನ್ನು ಮುಂದೆ ಆ ಗುಂಡಿ ನಿನ್ನದು ಎಂದ. ಕುವೈತಿಗಳನ್ನು ಕೂರಿಸಿದರೆ ಇವನು ಯಾವ ಮನೆತನದವನು, ಯಾರ ಪರ ಎಂದು ಕೇಳುತ್ತಾರೆ; ನೀನು ಯಾರ ಕಡೆಯವನೂ ಅಲ್ಲ, ಅದೇ ಅನುಕೂಲ ಎಂದು ವಿವರಿಸಿದ. ಪ್ರಸಾರವಾಗಬಾರದ ಪದಗಳ ಪಟ್ಟಿಯೊಂದನ್ನು ಗುಂಡಿಯ ಪಕ್ಕ ಅಂಟಿಸಿದ. ಮೊದಲನೆಯದೇ ‘ಕಬೀಲಾ’, ಅಂದರೆ ಬುಡಕಟ್ಟು. ಬುಡಕಟ್ಟುಗಳ ಬಗ್ಗೆ ಯಾರೋ ಕೆಟ್ಟದಾಗಿ ಮಾತಾಡಿ ಚಾನೆಲ್ಲಿಗೆ ಸರ್ಕಾರದಿಂದ ಒಂದು ಎಚ್ಚರಿಕೆ ಆಗಲೇ ಬಂದಿತ್ತು. ಎರಡನೆಯದು ಬಂದರೆ ಪರವಾನಗಿಗೇ ಕುತ್ತು.

ಅಂದಿನಿಂದ ನನಗೆ ನೆಮ್ಮದಿ ಇರಲಿಲ್ಲ. ಕಾರ್ಯಕ್ರಮ ನಡೆಯುವ ಒಂದು ಗಂಟೆ ಚಹಾ ಕುಡಿಯುತ್ತಿರಲಿಲ್ಲ, ಕುರ್ಚಿಗೆ ಒರಗುತ್ತಿರಲಿಲ್ಲ. ಮನೆಗೆ ಬಂದು ಕೂತರೂ ಕಾಲು ತಾನಾಗಿ ಅಲುಗುತ್ತಿತ್ತು. ಹೆಂಡತಿ ಊಟ ಬಡಿಸುತ್ತಾ, “ಸಂಶಯ ಬಂದರೆ ಒತ್ತಿಬಿಡಿ. ಅವರ ರಾಜಕೀಯ ನಮಗೆಂತಕ್ಕೆ?” ಎಂದಳು. ನನಗೂ ಅದೇ ಸರಿ ಎನಿಸಿತು. ಸಂಶಯ ಬಂದಾಗಲೆಲ್ಲ ಒತ್ತತೊಡಗಿದೆ.

ಒಂದು ಸೋಮವಾರ ಜಹ್ರಾದಿಂದ ಒಬ್ಬ ಹೆಂಗಸಿನ ಕರೆ ಬಂತು. ಮೊದಲು ಆಡುಮಾತಿನಲ್ಲಿ ಸಲಾಂ ಹೇಳಿದಳು. ಆಮೇಲೆ ಕಾಗದವೊಂದನ್ನು ನೋಡಿಕೊಂಡು ಓದುವ ಹಾಗೆ, ತಡೆದು ತಡೆದು, ಗ್ರಂಥದ ಅರಬಿಯಲ್ಲಿ ಮಾತಾಡಿದಳು. ಮಗ, ಶಾಲೆ, ಕಚೇರಿ ಎಂಬುದು ಕಿವಿಗೆ ಬಿತ್ತು. ಆಮೇಲೆ ಆ ಪದ ಬಂತು. ಒಂದು ಸಲವಲ್ಲ, ಎರಡು ಸಲ. ಒತ್ತಿದೆ. ಸಂಗೀತ ಶುರುವಾಯಿತು.

ಕಾರ್ಯಕ್ರಮ ಮುಗಿದ ಮೇಲೆ ನಿರೂಪಕಿ ನನ್ನ ಬಳಿ ಬಂದಳು. ನಲವತ್ತರ ಆಸುಪಾಸಿನ ಕುವೈತಿ ಹೆಂಗಸು. ಸಿಟ್ಟು ಬಂದಾಗ ದನಿ ತಗ್ಗಿಸುತ್ತಿದ್ದಳು. ಯಾಕೆ ಕತ್ತರಿಸಿದೆ ಎಂದು ಕೇಳಿದಳು. ಪಟ್ಟಿಯ ಮೊದಲ ಪದ ತೋರಿಸಿದೆ. ಅವಳು ಪೆನ್ನು ತೆಗೆದು ಅದೇ ಹಾಳೆಯ ಅಂಚಿನಲ್ಲಿ ಎರಡು ಪದ ಬರೆದಳು.

“ಅವಳು ಹೇಳಿದ್ದು ಇದಲ್ಲ ಸಹೋದರ, ಇದು. ಕಾಬಿಲಾ. ಸೂಲಗಿತ್ತಿ.”

ಕರೆ ಮಾಡಿದವಳ ಮಗ ಮನೆಯಲ್ಲೇ ಹುಟ್ಟಿದ್ದನಂತೆ. ಹೆರಿಗೆ ಮಾಡಿಸಿದ ಸೂಲಗಿತ್ತಿ ತೀರಿಹೋಗಿದ್ದಾಳೆ. ಅವಳ ಸಹಿ ಇಲ್ಲದೆ ಹುಟ್ಟಿನ ದಾಖಲೆಯ ಕಾಗದವಿಲ್ಲ, ಆ ಕಾಗದವಿಲ್ಲದೆ ಶಾಲೆಯಿಲ್ಲ. ಕಚೇರಿಯವರು ಕೊಟ್ಟ ಉತ್ತರವನ್ನೇ ಆ ಹೆಂಗಸು ಓದುತ್ತಿದ್ದಳು.

ನನಗೆ ನಾಚಿಕೆಯಾಯಿತು. ದೀರ್ಘ ಯಾವ ಅಕ್ಷರಕ್ಕೆ ಎಂಬುದನ್ನು ಒಂದನೇ ಕ್ಲಾಸಿನಲ್ಲೇ ಮೇಷ್ಟರು ಕಿವಿ ಹಿಂಡಿ ಕಲಿಸಿದ್ದರು. ಕಬೀಲಾ, ಕಾಬಿಲಾ. ಕನ್ನಡದಲ್ಲಿ ಬರೆದುಕೊಂಡಿದ್ದರೆ ತಪ್ಪುತ್ತಿರಲಿಲ್ಲ. ಹೆದರಿದ ಕಿವಿಗೆ ದೀರ್ಘವೂ ಕೇಳಿಸಲಿಲ್ಲ, ಹ್ರಸ್ವವೂ ಕೇಳಿಸಲಿಲ್ಲ.

ಮಂಗಳವಾರದಿಂದ ಆ ಹೆಂಗಸಿನ ನಂಬರಿಗೆ ಫೋನ್ ಮಾಡುತ್ತಾ ಹೋದೆ. ಅದು ಜಹ್ರಾದ ಒಂದು ದಿನಸಿ ಅಂಗಡಿಯದು. ಎತ್ತುತ್ತಿದ್ದ ಮಲಬಾರಿ ಅಂಗಡಿಯವ ಚಾನೆಲ್ಲಿನ ಹೆಸರು ಕೇಳಿದೊಡನೆ ಇಟ್ಟುಬಿಡುತ್ತಿದ್ದ. ಶುಕ್ರವಾರ ನಮಾಜು ಮುಗಿಸಿ ಬಸ್ಸು ಹತ್ತಿ ಅಲ್ಲಿಗೇ ಹೋದೆ. ಯಾಕೆ ಹೊರಟಿದ್ದೇನೆಂದು ಹೆಂಡತಿಗೆ ಹೇಳಲಿಲ್ಲ.

ನನ್ನ ಬ್ಯಾರಿ ಭಾಷೆ, ಅವನ ಮಲಯಾಳ; ಮಾತಿಗೆ ತೊಡಕಾಗಲಿಲ್ಲ. ಆ ಹೆಂಗಸಿನ ಮನೆಯಲ್ಲಿ ಫೋನಿಲ್ಲ, ಇಲ್ಲಿಂದಲೇ ಮಾಡುತ್ತಾಳೆ ಎಂದ. ಸರ್ಕಾರದವರೇ ಹೇಳಿ ಕರೆ ಕಡಿಸಿದರೆಂದು ಅಂದಿನಿಂದ ಅವರ ಮನೆಯವರೆಲ್ಲ ಹೆದರಿದ್ದಾರೆ, ತನಗೂ ಹೆದರಿಕೆಯಿದೆ ಎಂದ. ಕತ್ತರಿಸಿದ್ದು ನಾನೇ ಎಂದೆ. ಅವನು ತಕ್ಕಡಿ ಬಿಟ್ಟು ನನ್ನ ಮುಖ ನೋಡಿದ. ಹಾಗಾದರೆ ಅವಳಿಗೇ ಹೇಳು ಎಂದು ಹಿಂದಿನ ಓಣಿಗೆ ಹೋಗಿ ಕರೆತಂದ.

ಕಪ್ಪು ಅಬಾಯಾ ತೊಟ್ಟ ಅವಳು ಬಾಗಿಲ ಬಳಿಯೇ ನಿಂತಳು. ಹರಕು ಅರಬಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

“ಯಾರು ಕತ್ತರಿಸು ಅಂದರು?” ಎಂದು ಕೇಳಿದಳು.

“ಯಾರೂ ಇಲ್ಲ, ಸಹೋದರಿ. ನನಗೆ ಸರಿಯಾಗಿ ಕೇಳಿಸಲಿಲ್ಲ.”

ಅವಳು ಹೇಳಿದಳು: “ನಾಲ್ಕು ದಿನದಿಂದ ನನ್ನ ಗಂಡ ಕೆಲಸಕ್ಕೆ ಹೋಗಿಲ್ಲ. ಯಾರಾದರೂ ಕರೆದುಕೊಂಡು ಹೋಗುತ್ತಾರೆ ಎಂದು ಬಾಗಿಲು ಹಾಕಿಕೊಂಡು ಕೂತಿದ್ದಾನೆ.”

ಕ್ಷಮೆ ಕೇಳುವುದಕ್ಕೆ ನನಗೆ ಗೊತ್ತಿದ್ದ ಅರಬಿ ಸಾಲದಾಯಿತು. ಇನ್ನೊಮ್ಮೆ ಕರೆ ಮಾಡಿ, ನಿರೂಪಕಿ ಕಾಯುತ್ತಿದ್ದಾಳೆ ಎಂದೆ. ಅವಳು ಒಪ್ಪದೆಯೇ ಓಣಿಯತ್ತ ಹೊರಟುಹೋದಳು.

ಭಾನುವಾರ ಸಂಜೆ ಐದೂಕಾಲಿಗೆ ಕರೆ ಬಂತು. ಈ ಸಲ ಅವಳು ಏನನ್ನೂ ಓದಲಿಲ್ಲ, ತನ್ನ ಮಾತಿನಲ್ಲೇ ಹೇಳಿದಳು. ಸೂಲಗಿತ್ತಿಯ ಕಥೆ ಮುಗಿಯಿತು. ಅಲ್ಲಿಗೆ ನಿಲ್ಲಿಸುತ್ತಾಳೆ ಎಂದುಕೊಂಡೆ. ನಿಲ್ಲಿಸಲಿಲ್ಲ. ದೊಡ್ಡ ಕಬೀಲಾದವರ ಮಗನಾಗಿದ್ದರೆ ಸತ್ತ ಸೂಲಗಿತ್ತಿಯೂ ಎದ್ದುಬಂದು ಸಹಿ ಹಾಕುತ್ತಿದ್ದಳು ಎಂದಳು.

ಈ ಸಲ ತಪ್ಪು ಕೇಳಿಸಿರಲಿಲ್ಲ. ಪಟ್ಟಿಯ ಮೊದಲನೆಯ ಪದವೇ. ಬೆರಳು ಗುಂಡಿಯ ಮೇಲಿತ್ತು. ಗಾಜಿನಾಚೆ ನಿರೂಪಕಿ ನನ್ನನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿಸಲಿಲ್ಲ, ಕೈಯನ್ನೂ ಎತ್ತಲಿಲ್ಲ. ಈ ದೇಶದಲ್ಲಿ ಇರಲು ಬೇಕಾದ ಇಕಾಮಾ ನೆನಪಾಯಿತು, ಮಗಳ ಶಾಲೆ ನೆನಪಾಯಿತು. ಬಾಗಿಲು ಹಾಕಿಕೊಂಡು ಕೂತ ಆ ಗಂಡಸೂ ನೆನಪಾದ. ಏಳು ಸೆಕೆಂಡು ಹೇಗೆ ಹೋಯಿತೋ ಗೊತ್ತಿಲ್ಲ. ಮಾತು ಹೊರಗೆ ಹೋಗಿಯಾಗಿತ್ತು.

ಮೂರನೆಯ ದಿನ ನೋಟಿಸು ಬಂತು. ಮ್ಯಾನೇಜರ್ ನನ್ನನ್ನೂ ನಿರೂಪಕಿಯನ್ನೂ ಕೂರಿಸಿಕೊಂಡು ನನ್ನನ್ನು ಮೊದಲು ಕೇಳಿದ. ಬಾಯಿ ತೆರೆಯುವ ಮೊದಲೇ ನಿರೂಪಕಿ ಹೇಳಿದಳು: “ಒತ್ತಬೇಡ ಅಂದದ್ದು ನಾನು. ಹಾಗೆಂದು ಬರೆದುಕೊಳ್ಳಿ.”

ಅವಳು ಹಾಗೆ ಅಂದಿರಲಿಲ್ಲ. ಇಲ್ಲ, ಅದು ನನ್ನದೇ ನಿರ್ಧಾರ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅಲ್ಲಿಂದ ಹೊರಬಂದ ಮೇಲೆ ನನಗೆ ಅವಳೇ ಸಮಾಧಾನ ಹೇಳಿದಳು. ತನ್ನನ್ನು ಈ ದೇಶದಿಂದ ಯಾರೂ ವಿಮಾನ ಹತ್ತಿಸಿ ಕಳಿಸಲಾರರು, ನಿನ್ನನ್ನು ಕಳಿಸಬಲ್ಲರು, ಅಷ್ಟೇ ವ್ಯತ್ಯಾಸ ಎಂದಳು. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ, ಆ ಮಗುವಿಗೆ ಎಷ್ಟು ವಯಸ್ಸು ಎಂದು. ನನಗೆ ಗೊತ್ತಿರಲಿಲ್ಲ.

ಪರವಾನಗಿ ಉಳಿಯಿತು, ನೇರಪ್ರಸಾರ ಉಳಿಯಲಿಲ್ಲ. ಕಾರ್ಯಕ್ರಮವನ್ನು ಮೊದಲೇ ರೆಕಾರ್ಡ್ ಮಾಡಿ, ಯಾರೋ ಕೂತು ನೋಡಿ, ಆಮೇಲೆ ಬಿಡತೊಡಗಿದರು. ನಿರೂಪಕಿ ಎರಡು ತಿಂಗಳಲ್ಲಿ ಕೆಲಸ ಬಿಟ್ಟಳು. ಅಂದು ಕಾರ್ಯಕ್ರಮ ನೋಡಿದ್ದ ನಿವೃತ್ತ ಟೀಚರೊಬ್ಬಳು ಆ ಹುಡುಗನಿಗೆ ಮನೆಗೇ ಬಂದು ಪಾಠ ಹೇಳಲು ಶುರುಮಾಡಿದ್ದಾಳೆಂದು ಅಂಗಡಿಯವ ಫೋನಿನಲ್ಲಿ ತಿಳಿಸಿದ. ಹುಟ್ಟಿನ ದಾಖಲೆ ಸಿಕ್ಕಿತೋ ಇಲ್ಲವೋ ಅವನಿಗೂ ತಿಳಿಯದು.

ನನ್ನನ್ನು ಟೇಪುಗಳ ಕೋಣೆಗೆ ಹಾಕಿದರು. ಆ ಭಾನುವಾರದ ಟೇಪನ್ನು ಪರಿಶೀಲನೆಗೆಂದು ಸರ್ಕಾರಿ ಕಚೇರಿಯಿಂದ ಕೇಳಿಕೊಂಡು ಬಂದವನಿಗೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ನಾನೇ ಕೊಟ್ಟೆ. ತಿಂಗಳಾದರೂ ಅದು ವಾಪಸು ಬರಲಿಲ್ಲ; ಆ ಹೆಂಗಸಿನ ಮಾತು ಉಳಿದಿದ್ದದ್ದು ಅದೊಂದರಲ್ಲೇ. ಎರಡು ಸಲ ಪತ್ರ ಬರೆದು ಕೇಳಿದೆ. ಮೂರನೆಯ ಸಲ ಬರೆಯುವಾಗ ಮ್ಯಾನೇಜರ್ ಬಂದು ಹಾಳೆಯನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ. ಖಲಾಸ್, ಇನ್ನು ಬರೆಯಬೇಡ ಎಂದ. ಅವನು ಹೋದ ಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಬರೆಯಲು ಕೂತೆ.