ಗದ್ದದ ಗಂಟು

ನನ್ನ ಹೆಂಡತಿಯ ಗದ್ದದ ಎಡಗಡೆ, ತುಟಿಯ ಕೆಳಗೆ, ಮೂಳೆಯೇ ಉಬ್ಬಿ ಬಂದಂಥ ಗಟ್ಟಿ ಗಂಟೊಂದಿತ್ತು. ಮದುವೆಯ ದಿನ ಹುಣಸೆಬೀಜದಷ್ಟಿದ್ದದ್ದು ಎರಡು ಮಕ್ಕಳಾಗುವ ಹೊತ್ತಿಗೆ ನೆಲ್ಲಿಕಾಯಿಯಷ್ಟಾಗಿತ್ತು. ನೋವಿಲ್ಲ, ಕೀವಿಲ್ಲ. ನನಗೆ ಅದು ಅವಳ ಮುಖದ ಜೊತೆಗೇ ಒಗ್ಗಿಹೋಗಿತ್ತು. ಅವಳಿಗೆ ಒಗ್ಗಿರಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಮಂಡ್ಯದ ಹತ್ತಿರ ಸಕ್ಕರೆ ಕಾರ್ಖಾನೆಯ ಫಾರಂನಲ್ಲಿ ಕಬ್ಬಿನ ಗದ್ದೆಗಳಿಗೆ ನಾನು ಮೇಸ್ತ್ರಿ. ಒಂದು ದಿನ ಅವಳು ನಾಲೆಯಲ್ಲಿ ಬಟ್ಟೆ ಒಗೆಯುವಾಗ, ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು, “ಬಾಯಲ್ಲಿ ಅಡಕೆ ಮಡೀಕಂಡಿದ್ದೀಯಾ ಅಕ್ಕ?” ಎಂದು ಕೇಳಿದಳಂತೆ. ಪಾಪ, ತಿಳಿಯದೆ ಕೇಳಿದ್ದು. ಮನೆಗೆ ಬಂದವಳೇ ನನ್ನವಳು, “ಇದ ತೆಗೆಸ್ಬುಡಿ” ಎಂದಳು.

“ನಂಗೇನೂ ತೊಂದ್ರೆ ಇಲ್ವಲ್ಲಮ್ಮಿ.”

“ನಿಮ್ಗಿಲ್ಲ. ಮಕ ನಂದು ತಾನೆ?”

ನಮ್ಮವ್ವ ರೇಗಿದಳು: “ಎಲ್ಡ್ ಮಕ್ಳ ತಾಯಿ ಆದ್ಮೇಲೆ ಇನ್ಯಾರಿಗ್ ತೋರಿಸ್ಬೇಕವ್ವ? ಸುಮ್ನಿರೋ ಮೂಳೆಗೆ ಕತ್ತಿ ಆಕಿಸ್ಬ್ಯಾಡ.”

ಆದರೂ ಮೈಸೂರಿನ ಆಸ್ಪತ್ರೆಗೆ ಹೋದೆವು. ವಯಸ್ಸಾದ ಡಾಕ್ಟರು ನನ್ನನ್ನು ಬಿಟ್ಟು ಅವಳನ್ನೇ ನೋಡಿ ಮಾತಾಡಿದರು. “ಗಂಟು ತೆಗೀಬಲ್ಲೆ. ಆಮೇಲೆ ಗದ್ದ ಹೇಗೆ ಕಾಣುತ್ತೆ ಅಂತ ಹೇಳಲಾರೆ. ಕಲೆ ಉಳೀಬಹುದು, ಗುಳಿ ಬೀಳಬಹುದು, ಕೀವಾಗಬಹುದು. ತುಟಿಗೆ ಹೋಗೋ ನರ ಅಲ್ಲೇ ಇದೆ. ಅದಕ್ಕೆ ಪೆಟ್ಟು ಬಿದ್ರೆ ತುಟಿ ಜೋಮು ಹಿಡಿದ ಹಾಗೆ ಇರುತ್ತೆ. ಸ್ವಲ್ಪ ಕಾಲವೋ, ಜೀವ ಇರೋವರೆಗೋ, ಮೊದಲೇ ಗೊತ್ತಾಗಲ್ಲ. ಇದನ್ನ ಹೀಗೇ ಬಿಟ್ರೂ ಏನೂ ತೊಂದರೆಯಿಲ್ಲ.”

ನಾನು ಎದ್ದುಬಿಟ್ಟೆ. “ನಡಿ, ಊರಿಗೋಗಣ.”

ಅವಳು ಏಳಲಿಲ್ಲ. “ಮಕ್ಳಿಗೆ ಮುತ್ತು ಕೊಡಕ್ಕಾಯ್ತದಾ, ಸೋಮಿ?”

ಡಾಕ್ಟರು ದನಿ ತಗ್ಗಿಸಿದರು. “ಕೊಡಬಹುದಮ್ಮ. ನಿನ್ನ ತುಟಿಗೆ ಗೊತ್ತಾಗದೆ ಇರಬಹುದು, ಅಷ್ಟೆ.”

ಅವಳು ಬೆರಳಿನಿಂದ ಕೆಳತುಟಿಯನ್ನು ಒಮ್ಮೆ ಒತ್ತಿ ನೋಡಿಕೊಂಡಳು. ಆಮೇಲೆ, “ಮಾಡಿ ಸೋಮಿ” ಎಂದಳು.

ಗಾಯ ಒಮ್ಮೆ ಕೀವಾಗಿ ನಮ್ಮನ್ನು ಹೆದರಿಸಿ, ಕೊನೆಗೆ ಮಾಯಿತು. ಗಂಟು ಹೋಗಿತ್ತು, ಆ ಜಾಗದಲ್ಲಿ ಸಣ್ಣ ಗುಳಿ. ಅವಳು ಕನ್ನಡಿ ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಆದರೆ ಡಾಕ್ಟರು ಹೇಳಿದಂತೆಯೇ ಕೆಳತುಟಿಯ ಎಡಭಾಗಕ್ಕೆ ಏನೂ ತಿಳಿಯುತ್ತಿರಲಿಲ್ಲ. ಅಂಬಲಿ ಕುಡಿದರೆ ಗದ್ದದ ಮೇಲೆ ಸೋರುವುದು. ನಾನು ಟವೆಲಿನಿಂದ ಒರೆಸಲು ಹೋದರೆ ಕೈ ತಳ್ಳುತ್ತಿದ್ದಳು. “ಜನದ್ ಮುಂದೆ ಒರೆಸ್ಬ್ಯಾಡಿ.” ಅಲ್ಲಿಂದಾಚೆಗೆ ನಾಲ್ಕು ಜನರಿದ್ದಾಗ ನಾನು ನನ್ನ ಗದ್ದ ಸವರಿಕೊಳ್ಳುತ್ತಿದ್ದೆ, ಅವಳು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಸುಡುವ ಹಾಲಿನ ಲೋಟ ತಾಗಿ ಅವಳ ತುಟಿಯ ಎಡಭಾಗದಲ್ಲಿ ಬೊಬ್ಬೆ ಎದ್ದಿತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಅದನ್ನು ಅವ್ವ ನೋಡಿದಳು. ಮಾರನೆಯ ದಿನದಿಂದ ಹಾಲನ್ನು ತಾನೇ ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದು ಆರಿಸಿ, ಬೆರಳು ಅದ್ದಿ ನೋಡಿ, “ಕುಡಿಯವ್ವ” ಎಂದು ಕೊಡತೊಡಗಿದಳು. ಬೇಡವೆಂದಿದ್ದ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಮುಂದಿನ ವರ್ಷ ಕಬ್ಬು ಕಡಿಯುವ ಕಾಲ. ಹಿತ್ತಿಲಿನಿಂದ ಅವಳು ಕೂಗಿದಳು: “ಬನ್ನಿ ಇಲ್ಲಿ, ತುಟಿ ಮ್ಯಾಲೆ ಇರುವೆ ಅರೀತಾ ಅದೆ, ತೆಗೀರಿ!”

ಹತ್ತಿರ ಹೋಗಿ ನೋಡಿದೆ. ಇರುವೆ ಇರಲಿಲ್ಲ. “ಏನೂ ಇಲ್ಲ ಕಣಮ್ಮಿ” ಎಂದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ನಗುತ್ತಲೇ ಅತ್ತಳು. ಸ್ಪರ್ಶ ಹಾಗೆ ನಿಧಾನಕ್ಕೆ ತಿರುಗಿ ಬಂತು, ಪೂರ್ತಿಯಲ್ಲ. ತುಟಿಯ ಅಂಚಿನಲ್ಲಿ ಅವರೆಕಾಳಿನಷ್ಟು ಜಾಗ ಕೊನೆಯವರೆಗೂ ಮರಗಟ್ಟಿಯೇ ಉಳಿಯಿತು.

ಸ್ವಾತಂತ್ರ್ಯ ಬರುವ ಮುಂಚಿನ ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ಮಳವಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಕೇಳಿದೆ: “ಇಂಗಾಯ್ತದೆ ಅಂತ ಗೊತ್ತಿದ್ರೆ ಒಪ್ತಿದ್ದಾ?”

“ಆಗ್ಬೋದು ಅಂತ ಅವ್ರು ಯೋಳಿದ್ರಲ್ಲ. ಕೇಳ್ಕಂಡೇ ಒಪ್ಪಿದ್ದು. ಎದ್ದು ಒಂಟೋರು ನೀವು.”

ಮದುವೆಮನೆಯಲ್ಲಿ ಹೆಂಗಸರು ಸೋಬಾನೆಗೆ ಕೂತಾಗ, ಹಿಂದೆಂದೂ ಹಾಡದಿದ್ದವಳು ಮುಂದೆ ಹೋಗಿ ಕೂತು ದನಿ ಎತ್ತಿದಳು. ದನಿ ಅಷ್ಟೇನೂ ಚೆನ್ನಾಗಿರಲಿಲ್ಲ. ಊಟಕ್ಕೆ ಕರೆದರೂ ನಾನು ಏಳದೆ, ಹಾಡು ಮುಗಿಯುವವರೆಗೂ ಕೇಳುತ್ತ ಕುಳಿತಿದ್ದೆ.