ಅಂಗಳದಿಂದ ಕಪ್ಪಗೆ ಕಂಡ ಹಕ್ಕಿಗಳು

ಬಣ್ಣದ ಗಾಜು ಹಗಲು ಹೊತ್ತಿನಲ್ಲಿ ಹೊರಗೆ ನಿಂತವರಿಗೆ ಬಣ್ಣ ತೋರಿಸುವುದಿಲ್ಲ. ಬಿಸಿಲೆಲ್ಲ ಹೊರಗಿನವರ ನೆತ್ತಿಗೆ, ಬಣ್ಣವೆಲ್ಲ ಒಳಗಿನವರ ಕಣ್ಣಿಗೆ. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಹಾಸನದ ಅಂಚಿನ ಕೇರಿಯಲ್ಲಿದ್ದೆವು. ನನ್ನ ಗಂಡ ಪೇಟೆಯ ಗಾಜಿನ ಅಂಗಡಿಯಲ್ಲಿ ಕೂಲಿ ಮಾಡುತ್ತಿದ್ದ. ದೊಡ್ಡ ಮನೆಗಳ ಬಾಗಿಲ ಮೇಲಿನ ಗವಾಕ್ಷಿಗೆ ಕೆಂಪು, ಹಸಿರು, ಹಳದಿ, ನೀಲಿ ಗಾಜು ಕೂರಿಸುವುದು ಅವನ ಕೆಲಸ. ಮಿಕ್ಕ ಚೂರುಗಳನ್ನು ಡಬ್ಬಿಯಲ್ಲಿ ಮನೆಗೆ ತರುತ್ತಿದ್ದ. ಅದರಲ್ಲಿ ನಾನು ಹಕ್ಕಿ ಮಾಡುತ್ತಿದ್ದೆ. ಕಾಗದದಲ್ಲಿ ರೆಕ್ಕೆ, ಬಾಲ, ಕೊಕ್ಕು ಕತ್ತರಿಸಿ, ಬೆರಳಿಗೆ ಎಂಜಲು ಮಾಡಿಕೊಂಡು ಗಾಜಿಗೆ ಅಂಟಿಸಿ, ಅದರ ಗುಂಟ ಗಾಜು ಕೊಯ್ಯುವುದು. ಅಂಚನ್ನು ಕಲ್ಲಿಗೆ ಉಜ್ಜಿ, ಸೀಸದ ಪಟ್ಟಿ ಸುತ್ತಿ, ಬೆಸುಗೆ ಹಾಕಿದರೆ ಅಂಗೈಯಗಲದ ಒಂದು ಗಿಳಿ. ಬೆರಳು ಕುಯ್ದುಕೊಳ್ಳದ ದಿನವಿರಲಿಲ್ಲ.

"ಇದೆಂಥಾ ಉಚ್ಚು ನಿಂಗೆ? ಮುದ್ದೇಲೂ ಗಾಜು ಸಿಕ್ತದೆ ಒಂದಿನ" ಎಂದು ಗಂಡ ರೇಗಿಸುತ್ತಿದ್ದ.

ನಮ್ಮ ಮನೆಗೆ ಕಿಟಕಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತು ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಒಂದು ಕಿಟಕಿಯಲ್ಲಿ ನೋಡಬೇಕೆಂಬ ಆಸೆ ನನ್ನ ತಲೆ ತಿನ್ನುತ್ತಿತ್ತು.

ಹಳ್ಳಿಮೈಸೂರಿನ ಕಡೆಯ ಒಂದು ಜಮೀನ್ದಾರರ ಮನೆಯವರು, ಗಾಜು ಕೂರಿಸಲು ಬಂದಿದ್ದ ನನ್ನ ಗಂಡನಿಂದ ಹಕ್ಕಿಗಳ ಸುದ್ದಿ ಕೇಳಿ, ಅವನ ಕೈಯಲ್ಲೇ ಏಳು ಹಕ್ಕಿ ಬೇಕೆಂದು ಹೇಳಿ ಕಳಿಸಿದರು. ನಡುಮನೆಯ ಕಿಟಕಿಗೆ ಕಟ್ಟಲಂತೆ. ಕಟ್ಟಿದ ಮೇಲೆ ನನ್ನನ್ನು ಒಳಗೆ ಕರೆದು ತೋರಿಸುವುದಾದರೆ ಮಾತ್ರ ಮಾಡುತ್ತೇನೆ ಎಂದೆ. ಆಗಲಿ ಅಂದಿದ್ದಾರೆ ಎಂದು ಗಂಡ ಬಂದು ಹೇಳಿದ. ನಾನು ದಡ್ಡಿ, ನಂಬಿದೆ.

ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಹಳೆ ಸೀರೆಯಲ್ಲಿ ಸುತ್ತಿದ ಹಕ್ಕಿಗಳನ್ನು ಮಡಿಲಲ್ಲಿಟ್ಟುಕೊಂಡು ಇಬ್ಬರೂ ಹೋದೆವು. ಯಜಮಾನಿ ಜಗಲಿಯಲ್ಲಿ ನಿಂತು, "ಅಲ್ಲೇ ಇಡಮ್ಮಿ" ಎಂದರು. ಅಂಗಳದಲ್ಲಿ ಬಿಚ್ಚಿಟ್ಟೆ. ಮನೆಯ ಆಳು ಬಂದು ಹಕ್ಕಿಗಳ ಮೇಲೆ ಒಂದು ಚೊಂಬು ನೀರು ಸುರಿದು, ಆಮೇಲೆ ಎತ್ತಿಕೊಂಡು ಒಳಗೆ ಹೋದ. ನನಗೆ ರಕ್ತ ಕುದಿಯಿತು. ಆದರೂ ಕರೆಯುತ್ತಾರೆಂದು ಹಲ್ಲು ಕಚ್ಚಿಕೊಂಡು ನಿಂತೆ.

ಕಟ್ಟಿದ್ದಾಯಿತು. ಕರೆಯಲಿಲ್ಲ.

"ಒಳೀಕೆ ಬಂದು ನೋಡ್ಲಾ ಅವ್ವಾ?" ಎಂದು ನಾನೇ ಕೇಳಿದೆ.

"ಅಲ್ಲಿಂದ್ಲೇ ನೋಡು. ಕಾಣಾಕಿಲ್ವಾ?"

"ಏನ್ ಕಂಡಾತು? ಏಳೂ ಕಾಗೆ ಅಂಗೆ ಕರ್ರಗವೆ."

ಗಂಡ ನನ್ನ ಸೆರಗು ಜಗ್ಗಿದ. "ಸುಮ್ಕಿರು, ಓಗುವಾ" ಎಂದ. ಅವನ ಮೇಲೂ ಸಿಟ್ಟು ಬಂತು, ಆ ಮನೆಯವರ ಮೇಲೆ ಬಂದಷ್ಟೇ.

"ನೀರು ಸುರಿದ್ರಲ್ಲಾ ಅವ್ವಾ, ಅದು ಸಾಲಾಕಿಲ್ಲ" ಎಂದೆ. "ಒಂದೊಂದು ರೆಕ್ಕೆಗೂ ನನ್ನ ಎಂಜ್ಲು ಅಚ್ಚೇ ಕಾಗ್ದ ಅಂಟ್ಸಿದ್ದು. ಸೀಸದೊಳೀಕೆ ಸೇರ್ಕಂಡೈತೆ. ತೊಳುದ್ರೂ ಓಗಾಕಿಲ್ಲ ಕಣವ್ವ."

ಯಜಮಾನಿಯ ಮುಖ ಬಿಳಿಚಿಕೊಂಡಿತು. ಕಿತ್ತು ಹಾಕು ಎಂದು ಆಳಿಗೆ ಕೂಗಿದರು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ಎಂಜ್ಲು ನಾನ್ ಮುಟ್ಟಾಕಿಲ್ಲ" ಎಂದುಬಿಟ್ಟ. ಯಜಮಾನಿಯಂತೂ ಮುಟ್ಟುವ ಹಾಗೇ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ನೀನೇ ಬಂದು ಬಿಚ್ಕೊಂಡೋಗು, ಹಾಳಾದೋಳೆ" ಎಂದರು.

ಹೋದೆ. ನಡುಮನೆಯ ನೆಲದ ಮೇಲೆ ಕೆಂಪು, ಹಸಿರು, ಹಳದಿ ಚೆಲ್ಲಿತ್ತು. ಮಿಂಚುಳ್ಳಿಯ ನೀಲಿ ಹೋಗಿ, ನನ್ನ ಹಿಂದೆಯೇ ಒಳಗೆ ಬಂದಿದ್ದ ಯಜಮಾನಿಯ ಸೀರೆಯ ಅಂಚಿನ ಮೇಲೆ ಬಿದ್ದಿತ್ತು. ಅವರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಇಷ್ಟು ಚೆಂದವನ್ನು ನಾನೇ ಮಾಡಿದ್ದೆ, ನೋಡಲು ಮಾತ್ರ ಕಸ ಎತ್ತುವವಳಾಗಿ ಒಳಗೆ ಬರಬೇಕಾಯಿತು.

ಏಳು ಹಕ್ಕಿ, ಏಳು ಗಂಟು. ಒಂದೊಂದನ್ನೂ ಎಷ್ಟು ನಿಧಾನವಾಗಿ ಬಿಚ್ಚಲು ಬರುತ್ತದೋ ಅಷ್ಟು ನಿಧಾನವಾಗಿ ಬಿಚ್ಚಿದೆ. ಬೇಗ, ಬೇಗ ಎಂದು ಹಿಂದಿನಿಂದ ಕೂಗುತ್ತಿದ್ದರು. ಹತ್ತಿರ ಬಂದು ತಡೆಯಲು ಅವರಲ್ಲಿ ಒಬ್ಬರಿಗೂ ಆಗಲಿಲ್ಲ.