ಕೂಡ್ಲಿಗಿ ಕೋರ್ಟಿನ ಬಸ್ಸು

ನನ್ನ ತವರು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಗಂಡನ ಮನೆ ಕೊಟ್ಟೂರಿನಲ್ಲಿ. ನಾನು ಮದುವೆಯಾಗಿ ಹೋದಾಗ ಎರಡೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು. "ನಮ್ಮ ಸೊಸಿ ಬ್ಯಾರೆ ಜಿಲ್ಲಾದಾಕಿ ಆದ್ಲು ನೋಡ್ರಿ" ಎಂದು ಅತ್ತೆ ಓಣಿಯವರೆದುರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮಗಳಿಗೆ ನಾಲ್ಕು ತುಂಬಿದ ವರ್ಷ ಮಿದುಳುಜ್ವರ ಬಂತು. ಕೊಟ್ಟೂರಿನ ಡಾಕ್ಟರು ದೊಡ್ಡಾಸ್ಪತ್ರೆಗೆ ಒಯ್ಯಿರಿ ಅಂದರು. ಬಳ್ಳಾರಿಯಲ್ಲಿ ಗುರುತಿನವರಿದ್ದಾರೆ, ಅಲ್ಲಿಗೇ ಹೋಗೋಣ ಎಂದು ಅತ್ತೆ ಹಟ ಹಿಡಿದರು. ದಾವಣಗೆರೆ ಹತ್ತಿರ ಎಂದೆ ನಾನು. ಗಂಡ ನನ್ನ ಮಾತು ಕೇಳಿದರು. ಜೀಪು ಹರಪನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿತ್ತು. ಮಗು ನನ್ನ ತೊಡೆಯ ಮೇಲೆಯೇ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಅಂದರು: "ಬಳ್ಳಾರಿಗೆ ಒಯ್ದಿದ್ರ ಉಳಿತಿದ್ಲು."

ಗಂಡ ಅಲ್ಲೇ ಕೂತಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವರು ಏನಾದರೂ ಅನ್ನಲೆಂದು ತಿಂಗಳುಗಟ್ಟಲೆ ಕಾದೆ. ಆ ಮನೆಯಲ್ಲಿ ಮಗಳ ಹೆಸರೆತ್ತುವುದೇ ನಿಂತುಹೋಯಿತು. ಒಂದು ದಿನ ತವರಿಗೆ ಬಂದವಳು ಮರಳಿ ಹೋಗಲಿಲ್ಲ, ಅವರು ಕರೆಯಲೂ ಬರಲಿಲ್ಲ. ಹಿರಿಯರು ಕೂತು ಮಾತಾಡಿ ಸೋತರು. ಕೊನೆಗೆ ಇಬ್ಬರ ಒಪ್ಪಿಗೆಯ ಮೇಲೆ ಕೂಡ್ಲಿಗಿ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದೆವು.

ಕೋರ್ಟಿನ ಹೊತ್ತಿಗೆ ಸರಿಹೋಗುವುದು ಒಂದೇ ಬಸ್ಸು, ಹರಪನಹಳ್ಳಿಯಿಂದ ಕೊಟ್ಟೂರಿನ ಮೇಲೆ ಬರುವುದು. ಪ್ರತಿ ತಾರೀಖಿಗೂ ನಾನು ಅದರಲ್ಲಿ ಮುಂದೆ ಕೂತಿರುತ್ತಿದ್ದೆ. ಅವರು ಕೊಟ್ಟೂರಿನಲ್ಲಿ ಹತ್ತಿ, ನನ್ನ ಪಕ್ಕದಿಂದಲೇ ಹಾದು ಹಿಂದಕ್ಕೆ ಹೋಗುತ್ತಿದ್ದರು. ಕೋರ್ಟಿನ ಬೇವಿನ ಮರದ ಕೆಳಗೆ, ಹೊಲದ ತಕರಾರಿಗೆ ಬಂದ ಹೊಸಹಳ್ಳಿ ಕಡೆಯ ಜನರ ನಡುವೆ, ನಾನೊಂದು ಕಡೆ, ಅವರೊಂದು ಕಡೆ ಕೂರುತ್ತಿದ್ದೆವು.

ಕೊನೆಯ ತಾರೀಖಿಗೆ ಜಡ್ಜ್ ಸಾಹೇಬರು ಕಾಗದ ತಿರುವುತ್ತಾ, "ಮಗು ಯಾರ ಹತ್ತಿರ ಇದೆ?" ಎಂದು ಕೇಳಿದರು.

"ನಮ್ಮ ಹತ್ರಾನ ಅದಾಳ್ರಿ..." ಎಂದರು ಗಂಡ. ಅಂದವರೇ ಕಟಕಟೆಯ ಕಟ್ಟಿಗೆ ಹಿಡಿದುಕೊಂಡರು.

ನಾನೇ ಹೇಳಬೇಕಾಯಿತು. "ಇಲ್ರಿ ಸಾಹೇಬ್ರ. ತೀರಿಹೋಗ್ಯಾಳ್ರಿ."

ಸಾಹೇಬರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. "ಇನ್ನೊಮ್ಮೆ ಯೋಚನೆ ಮಾಡ್ತೀರಾ?" ಎಂದರು. ಬೇಡವೆಂದೆವು. ಅಲ್ಲಿಗೆ ಮುಗಿಯಿತು.

ಮರಳುವ ಬಸ್ಸಿನಲ್ಲಿ ಅವರು ಹಿಂದೆ ಹೋಗದೆ ನನ್ನ ಸೀಟಿನ ಹತ್ತಿರ ನಿಂತರು.

"ಅಕಿ ಅಂಗಿ ಎಲ್ಲಾ ನಾನ ಇಟ್ಟೀನಿ. ಯಾರಿಗರ ಕೊಟ್ಟುಬಿಡು ಅಂದಿದ್ಲು ಅವ್ವ. ಕೊಟ್ಟಿಲ್ಲ."

"ನನಗೊಂದು ಕೊಡ್ರಿ," ಎಂದೆ.

"ಕೊಟ್ಟೂರಾಗ ಇಳಿ. ತರ್ತೀನಿ."

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಾದೆ. ಪೇಪರಿನಲ್ಲಿ ಸುತ್ತಿದ ನೀಲಿ ಫ್ರಾಕು ತಂದು ಕೈಗಿಟ್ಟು, ಪಕ್ಕದಲ್ಲಿ ಕೂತರು. ಆಮೇಲೆ ಅಂದರು: "ನೀ ಹೇಳಿದ ದಾರಿನ ಸರಿ ಇತ್ತು. ಬಳ್ಳಾರಿ ಅಂತೂ ಮುಟ್ಟತಿರಲಿಲ್ಲ ಅಂತ ನಮ್ಮೂರ ಡಾಕ್ಟ್ರು ಆಗ್ಲೇ ನನಗ ಹೇಳಿದ್ರು."

"ಮತ್ತ ಅತ್ತಿ ಮುಂದ ಯಾಕ ಹೇಳಲಿಲ್ರಿ?"

"ಹೇಳಬೇಕಂದ್ರ ಅಕಿ ಹೆಸರು ತೆಗಿಬೇಕಾಗ್ತಿತ್ತು. ನನ್ನ ಕೈಲಿ ಆಗಲಿಲ್ಲ."

ಅವರು ಅತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ, ಗಂಡ ಅನ್ನುವ ಸಂಬಂಧ ಮುಗಿದ ಮೇಲೆ. ಕೈ ಹಿಡಿಯಬೇಕೆನ್ನಿಸಿತು, ಹಿಡಿಯಲಿಲ್ಲ. ಹರಪನಹಳ್ಳಿ ಬಸ್ಸು ಬಂತು. "ಹುಷಾರು" ಅಂದರು. ನಾನು ಹತ್ತಿದೆ.

ಕೆಲವು ವರ್ಷದ ಮೇಲೆ, ಅವರು ಹಡಗಲಿ ಕಡೆಯ ಹೆಣ್ಣನ್ನು ಮದುವೆಯಾದರೆಂದು ಪರಿಚಯದ ಹೆಂಗಸೊಬ್ಬಳು ಸಂತೆಯಲ್ಲಿ ಹೇಳಿದಳು. "ಚಲೋ ಆತು ಬಿಡ್ರಿ" ಎಂದೆ. ಏನೂ ಕೊಳ್ಳದೆ ಖಾಲಿ ಚೀಲ ಹಿಡಿದು ಮನೆಗೆ ಬಂದೆ.